ಆಡಿಟ್ ಆಗಿದೆ, ರಸ್ತೆ ಮಾತ್ರ ಕಿತ್ತು ಹೋಗಿದೆ: ಪಂಚಾಯಿತಿ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ (ತುಮಕೂರು ಜಿಲ್ಲೆಯ ಸದಸ್ಯರು):
ನಮಸ್ಕಾರ ಸರ್. ನಮ್ಮ ಊರಲ್ಲಿ ಎರಡು ವರ್ಷದ ಹಿಂದೆ ಪಂಚಾಯಿತಿಯಿಂದ ಸಿ.ಸಿ. ರಸ್ತೆ ಹಾಕಿದರು. ಬೋರ್ಡಿನಲ್ಲಿ 100 ಮೀಟರ್ ಅಂತ ಬರೆದಿದೆ. ಈಗಲೇ ಜಲ್ಲಿ ಎದ್ದು ಬಂದಿದೆ. ಅಂಚಿನಲ್ಲಿ ನೋಡಿದರೆ ನಾಲ್ಕು ಇಂಚು ದಪ್ಪವೂ ಇಲ್ಲ. ಪಂಚಾಯಿತಿಯಲ್ಲಿ ಕೇಳಿದರೆ "ಆಡಿಟ್ ಆಗಿದೆ, ಎಲ್ಲಾ ಸರಿ ಇದೆ" ಅಂತಾರೆ. ಆಡಿಟ್ ಆಗಿದ್ದರೆ ಇದು ಯಾಕೆ ಸಿಕ್ಕಿಬೀಳಲಿಲ್ಲ? ನಮ್ಮಂಥವರು ಲೆಕ್ಕ ಕೇಳಬಹುದಾ?

ಉತ್ತರ (ನಿವೃತ್ತ ಲೆಕ್ಕ ಪರಿಶೋಧಕರು):
ನಮಸ್ಕಾರ. ಕೇಳಬಹುದು. ನಿಮ್ಮಂಥವರು ಕೇಳದಿದ್ದರೆ ನಮ್ಮ ಆಡಿಟ್ ಅರ್ಧವೇ ಆಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಲೆಕ್ಕವನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ನೋಡುತ್ತದೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಲೆಕ್ಕ ಸಿಎಜಿ, ಅಂದರೆ ಭಾರತದ ಮಹಾಲೇಖಪಾಲರದ್ದು. ಆಡಿಟ್‌ಗೆ ಬಂದವರು ಕೆಲವೇ ದಿನ ಕಚೇರಿಯಲ್ಲಿ ಕೂತು ಇಡೀ ವರ್ಷದ ವೋಚರ್, ನಗದು ಪುಸ್ತಕ, ಬ್ಯಾಂಕ್ ಲೆಕ್ಕ, ಎಂ.ಬಿ. ನೋಡಬೇಕು. ಎಂ.ಬಿ. ಅಂದರೆ ಅಳತೆ ಪುಸ್ತಕ. ಬಿಲ್ ಆಗುವುದು ಅದರ ಮೇಲೆಯೇ.

ಈಗ ನಿಮ್ಮ ರಸ್ತೆ ತೆಗೆದುಕೊಳ್ಳಿ. ಎಂ.ಬಿ.ಯಲ್ಲಿ ಇಂಜಿನಿಯರ್ "ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 0.15 ಮೀಟರ್" ಎಂದು ಬರೆದು ಸಹಿ ಹಾಕಿದ್ದಾರೆ ಅಂದುಕೊಳ್ಳೋಣ. ಗುಣಿಸಿದರೆ 45 ಘನ ಮೀಟರ್ ಕಾಂಕ್ರೀಟ್. ಅಷ್ಟಕ್ಕೂ ಬಿಲ್ ಆಗುತ್ತದೆ. ನೆಲದ ಮೇಲೆ ದಪ್ಪ 0.10 ಮೀಟರ್ ಇದ್ದರೆ ಬಿದ್ದಿರುವ ಕಾಂಕ್ರೀಟ್ 30 ಘನ ಮೀಟರ್. ಮೂರರಲ್ಲಿ ಒಂದು ಪಾಲು ಹೋಯಿತು. ಆದರೆ ಕಾಗದದಲ್ಲಿ ಗುಣಾಕಾರ ಸರಿ, ದರ ಸರಿ, ಸಹಿ ಸರಿ. ಆಡಿಟರ್ ಯಾವುದಕ್ಕೆ ಆಕ್ಷೇಪಣೆ ಬರೆಯಬೇಕು? ಅವರ ಹತ್ತಿರ ಎಂ.ಬಿ. ಇದೆ, ರಸ್ತೆ ಇಲ್ಲ. ನಿಮ್ಮ ಹತ್ತಿರ ರಸ್ತೆ ಇದೆ, ಎಂ.ಬಿ. ಇಲ್ಲ. ಕಳ್ಳತನ ನಡೆಯುವುದು ಸರಿಯಾಗಿ ಈ ಸಂದಿಯಲ್ಲಿ.

ಹಾಗಾಗಿ ನೀವು ಮಾಡಬೇಕಾದ್ದು ಎಂ.ಬಿ. ಪುಟವನ್ನು ರಸ್ತೆಗೆ ತರುವುದು.

ಮೊದಲು ಮೊಬೈಲಿನಲ್ಲೇ ಇ-ಗ್ರಾಮ್ ಸ್ವರಾಜ್ (ಪಂಚಾಯಿತಿ ಲೆಕ್ಕದ ಸರ್ಕಾರಿ ಜಾಲತಾಣ) ತೆರೆದು ನಿಮ್ಮ ಪಂಚಾಯಿತಿಯ ಪಾವತಿಗಳನ್ನು ನೋಡಿ. 15ನೇ ಹಣಕಾಸು ಆಯೋಗವು ಪಂಚಾಯಿತಿ ಲೆಕ್ಕ ಆನ್‌ಲೈನ್‌ನಲ್ಲಿ ಇರಬೇಕು ಎಂಬುದನ್ನು ಅನುದಾನಕ್ಕೇ ಷರತ್ತಾಗಿ ಇಟ್ಟಿತು. ಹಾಗಾಗಿ ಒಂದಿಷ್ಟು ಮಾಹಿತಿ ಅರ್ಜಿ ಇಲ್ಲದೆಯೇ ಸಿಗುತ್ತದೆ. ಕಾಮಗಾರಿಯ ಹೆಸರು, ಮೊತ್ತ, ದಿನಾಂಕ ಬರೆದಿಟ್ಟುಕೊಳ್ಳಿ.

ಆಮೇಲೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರೇ ಮಾಹಿತಿ ಅಧಿಕಾರಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ತುಂಬಾ ಅರ್ಜಿಗಳು ಇದರಲ್ಲೇ ಬಿದ್ದು ಹೋಗುತ್ತವೆ. ಆದ್ದರಿಂದ ಒಂದು ರಸ್ತೆಗೆ ಒಂದು ಅರ್ಜಿ. ಕೇಳಬೇಕಾದ ದಾಖಲೆ: ಅಂದಾಜು ಪಟ್ಟಿ, ಎಂ.ಬಿ.ಯ ಆ ಕಾಮಗಾರಿಯ ಪುಟಗಳು, ಬಿಲ್ ಮತ್ತು ವೋಚರ್, ಗುಣಮಟ್ಟ ಪರೀಕ್ಷೆಯ ವರದಿ. "ರಸ್ತೆ ಯಾಕೆ ಕಳಪೆಯಾಗಿದೆ?" ಎಂದು ಮಾತ್ರ ಕೇಳಬೇಡಿ. ಅದಕ್ಕೆ "ಮಾಹಿತಿ ಇಲ್ಲ" ಎಂಬ ಉತ್ತರ ಬರುತ್ತದೆ. ದಾಖಲೆ ಕೇಳಿದರೆ ದಾಖಲೆ ಕೊಡಲೇಬೇಕು, 30 ದಿನದೊಳಗೆ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಬರೀ ಜೆರಾಕ್ಸ್ ಪಡೆಯುವ ಹಕ್ಕಲ್ಲ. ಕಾಮಗಾರಿಯನ್ನು ಪರಿಶೀಲಿಸುವ ಹಕ್ಕು, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕು ಕೂಡ ಅದರಲ್ಲಿದೆ. ನೀವೇ ರಸ್ತೆ ಅಗೆಯಬೇಡಿ, ಅದು ನಿಮ್ಮ ಮೇಲೆಯೇ ಕೇಸ್ ಆಗುತ್ತದೆ. ಮಾದರಿ ಬೇಕು ಎಂದು ಅರ್ಜಿಯಲ್ಲಿ ಕೇಳಿ.

ಪ್ರಶ್ನೆ (ಕಲಬುರಗಿ ಜಿಲ್ಲೆಯ ಸದಸ್ಯೆ, ಸ್ವಸಹಾಯ ಸಂಘ):
ಸರ್, ಒಬ್ಬೊಬ್ಬರೇ ಅರ್ಜಿ ಹಾಕಿದರೆ ಮನೆ ಹತ್ತಿರ ಬಂದು ಹೆದರಿಸುತ್ತಾರೆ. ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಕೇಳುವುದು ಒಳ್ಳೆಯದಲ್ವಾ? ಸಾಮಾಜಿಕ ಲೆಕ್ಕ ಪರಿಶೋಧನೆ ಅಂತ ಮಾಡುತ್ತಾರಲ್ಲ, ಅದರಿಂದ ನಿಜಕ್ಕೂ ಉಪಯೋಗ ಇದೆಯಾ?

ಉತ್ತರ:
ಇದೆ ಮೇಡಂ. ಎಲ್ಲಿ ಉಪಯೋಗ, ಎಲ್ಲಿ ಸಾಲದು ಎಂಬುದನ್ನೂ ತಿಳಿದುಕೊಂಡು ಹೋಗಬೇಕು.

ಕಾಮಗಾರಿಯ ಲೆಕ್ಕವನ್ನು ಊರವರೇ ಸೇರಿ ಪರಿಶೀಲಿಸುವ ಈ ಪದ್ಧತಿ ಬೆಳೆದದ್ದು ರಾಜಸ್ಥಾನದ ಕೂಲಿಕಾರರಿಂದ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘಟನೆ 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾಣಾ ಎಂಬ ಊರಲ್ಲಿ ಜನಸುನ್‌ವಾಯಿ, ಅಂದರೆ ಸಾರ್ವಜನಿಕ ವಿಚಾರಣೆ ನಡೆಸಿತು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅದರ ಮುಂದಾಳುಗಳು. ಅವರು ಮಾಡಿದ್ದು ಸರಳ ಕೆಲಸ. ಹಾಜರಿ ಪಟ್ಟಿಯಲ್ಲಿದ್ದ ಹೆಸರು, ಕೊಟ್ಟಿದ್ದೇವೆ ಎಂದು ತೋರಿಸಿದ್ದ ಕೂಲಿಯನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿದರು. ಇಂಥ ಸಭೆಗಳಲ್ಲಿ ಸತ್ತವರ ಹೆಸರಲ್ಲಿ ಕೂಲಿ ತೆಗೆದದ್ದು, ಕಟ್ಟದೇ ಇದ್ದ ಕಟ್ಟಡಕ್ಕೆ ಬಿಲ್ ಆದದ್ದು ಊರವರ ಬಾಯಲ್ಲೇ ಹೊರಬಂತು. ಈ ಹೋರಾಟವೇ ಮುಂದೆ ಮಾಹಿತಿ ಹಕ್ಕು ಕಾಯ್ದೆಗೆ ದೊಡ್ಡ ಬಲವಾಯಿತು. ನರೇಗಾ ಕಾಯ್ದೆಯ ಕಲಂ 17ರಲ್ಲಿ ಗ್ರಾಮಸಭೆಯೇ ಕಾಮಗಾರಿಗಳ ಸಾಮಾಜಿಕ ಪರಿಶೋಧನೆ ಮಾಡಬೇಕು ಎಂದು ಬಂದದ್ದು ಕೂಡ ಈ ಅನುಭವದಿಂದಲೇ.

ಎಲ್ಲಿ ಸಾಲದು ಅಂದರೆ, ಇಂಡೋನೇಷ್ಯಾದ ಜಾವಾದಲ್ಲಿ ನಡೆದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಬೆಂಜಮಿನ್ ಓಲ್ಕೆನ್ ಎಂಬ ಅರ್ಥಶಾಸ್ತ್ರಜ್ಞ 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆ ಕಾಮಗಾರಿ ನೋಡಿದರು. ಇಂಜಿನಿಯರ್‌ಗಳಿಂದ ರಸ್ತೆ ಕೊರೆಸಿ, ಒಳಗೆ ನಿಜವಾಗಿ ಎಷ್ಟು ಸಾಮಗ್ರಿ ಬಿದ್ದಿದೆ ಎಂದು ಅಳೆಸಿದರು. ಕೆಲವು ಊರಿಗೆ "ಸರ್ಕಾರಿ ಆಡಿಟ್ ಖಂಡಿತ ಬರುತ್ತದೆ" ಎಂದು ಮೊದಲೇ ಹೇಳಲಾಗಿತ್ತು. ಅಲ್ಲಿ ಕಾಣೆಯಾಗುವ ಹಣ ನೂರಕ್ಕೆ ಸುಮಾರು 8 ರೂಪಾಯಿಯಷ್ಟು ಇಳಿಯಿತು. ಇನ್ನು ಕೆಲವು ಊರುಗಳಲ್ಲಿ ಜನರನ್ನು ಲೆಕ್ಕದ ಸಭೆಗೆ ಹೆಚ್ಚಾಗಿ ಕರೆದರು. ಅಲ್ಲಿ ಕೂಲಿಯ ಕಳ್ಳತನ ಕಡಿಮೆಯಾಯಿತು. ಸಾಮಗ್ರಿಯದ್ದು ಕಡಿಮೆಯಾಗಲಿಲ್ಲ.

ಕಾರಣ ನಿಮಗೇ ಹೊಳೆಯುತ್ತದೆ. ಕೂಲಿ ಯಾರಿಗೆ ಸಿಕ್ಕಿಲ್ಲ ಎಂದು ಇಡೀ ಊರಿಗೆ ಗೊತ್ತು. ಜಲ್ಲಿ ಎಷ್ಟು ಲೋಡ್ ಬಂತು, ಸಿಮೆಂಟ್ ಎಷ್ಟು ಚೀಲ ಬಿತ್ತು ಎಂಬುದು ಗೊತ್ತಿಲ್ಲ. ಹಾಗಾಗಿ ಸಭೆಗೆ ಬರಿಗೈಲಿ ಹೋಗಬೇಡಿ. ಎಂ.ಬಿ. ನಕಲು ಹಿಡಿದು ಹೋಗಿ. ಊರಲ್ಲಿ ಗಾರೆ ಕೆಲಸದ ಮೇಸ್ತ್ರಿ ಇದ್ದರೆ ಅವರನ್ನು ಕರೆದುಕೊಂಡು ಹೋಗಿ. ಇಷ್ಟು ಅಳತೆಗೆ ಎಷ್ಟು ಸಿಮೆಂಟ್ ಹಿಡಿಯುತ್ತದೆ ಎಂದು ಅವರು ನಿಂತಲ್ಲೇ ಹೇಳುತ್ತಾರೆ.

ಹೆದರಿಸುವ ವಿಷಯ ನಿಜ, ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸಂಘದ ಹತ್ತು ಹದಿನೈದು ಜನ ಒಟ್ಟಿಗೆ ಹೋಗಿ. ನೀವು ಕೇಳಿದ ಪ್ರಶ್ನೆ ಸಭೆಯ ನಡವಳಿಯಲ್ಲಿ ದಾಖಲಾಯಿತಾ ಎಂದು ಅಲ್ಲೇ ನೋಡಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಯಾವ ಕಾರಣಕ್ಕೂ ಬೇಡ.

ಪ್ರಶ್ನೆ (ದಾವಣಗೆರೆಯಿಂದ):
ನನಗೆ ನಮ್ಮ ಪಂಚಾಯಿತಿಯ ಆಡಿಟ್ ವರದಿ ಸಿಕ್ಕಿದೆ. ತುಂಬಾ ಕಂಡಿಕೆಗಳಿವೆ (ಆಡಿಟರ್ ಬರೆದ ಆಕ್ಷೇಪಣೆಯ ಪ್ಯಾರಾಗಳು). ಯಾವುದನ್ನು ನೋಡಬೇಕು ತಿಳಿಯುತ್ತಿಲ್ಲ.

ಉತ್ತರ:
ಕೊನೆಯ ಪಟ್ಟಿಯಿಂದ ಶುರು ಮಾಡಿ. ಅಲ್ಲಿ ಎರಡು ಮೊತ್ತ ಇರುತ್ತವೆ. "ಆಕ್ಷೇಪಣೆಯಲ್ಲಿಟ್ಟ ಮೊತ್ತ" ಅಂದರೆ ಖರ್ಚಿಗೆ ಸರಿಯಾದ ದಾಖಲೆ ಸಿಕ್ಕಿಲ್ಲ, ತೋರಿಸಿದರೆ ಕೈಬಿಡಬಹುದು. "ವಸೂಲಾತಿಗೆ ಸೂಚಿಸಿದ ಮೊತ್ತ" ಅಂದರೆ ನಷ್ಟ ಆಗಿದೆ, ಸಂಬಂಧಪಟ್ಟವರಿಂದ ವಾಪಸ್ ತುಂಬಿಸಬೇಕು.

ಜನ ಎರಡನೆಯದನ್ನೇ ನೋಡುತ್ತಾರೆ. ನಾನು ಮೊದಲನೆಯದನ್ನು ಜಾಸ್ತಿ ಗಮನಿಸಿ ಅನ್ನುತ್ತೇನೆ. "ಕಡತ ಹಾಜರುಪಡಿಸಿಲ್ಲ" ಎಂಬ ಒಂದು ಸಾಲು ಸಪ್ಪೆಯಾಗಿ ಕಾಣುತ್ತದೆ. ಆದರೆ ತಪ್ಪು ಕಡತ ಕೊಟ್ಟು ಸಿಕ್ಕಿಬೀಳುವುದಕ್ಕಿಂತ ಕಡತವನ್ನೇ ಕೊಡದಿರುವುದು ಸುಲಭ ಅಲ್ವಾ? ಅದೇ ಕಾಮಗಾರಿ, ಅದೇ ಕಂಡಿಕೆ ಎರಡು ಮೂರು ವರ್ಷ ಮತ್ತೆ ಮತ್ತೆ ಬಂದಿದ್ದರೆ ಅಲ್ಲಿ ನಿಲ್ಲಿ. ಆ ಕಂಡಿಕೆಗೆ ಪಂಚಾಯಿತಿ ಕೊಟ್ಟ ಅನುಪಾಲನಾ ವರದಿಯ, ಅಂದರೆ ಉತ್ತರದ ನಕಲು ಕೇಳಿ. ವರದಿ ಕೊಟ್ಟೇ ಇಲ್ಲ ಅಂದರೆ ಅದನ್ನೂ ಬರಹದಲ್ಲಿ ಪಡೆಯಿರಿ.

ಇನ್ನು ಒಂದೇ ರಸ್ತೆಯನ್ನು "ಇವರ ಮನೆಯಿಂದ ಅವರ ಮನೆವರೆಗೆ" ಎಂದು ಮೂರು ನಾಲ್ಕು ತುಂಡು ಮಾಡಿ, ಪ್ರತಿಯೊಂದೂ ಟೆಂಡರ್ ಕರೆಯಲೇಬೇಕಾದ ಮಿತಿಯ ಕೆಳಗೆ ಬರುವಂತೆ ಮಾಡಿದ್ದಾರಾ ನೋಡಿ. 1999ರ ಪಾರದರ್ಶಕತೆ ಕಾಯ್ದೆ, ನಾವು ಕೆಟಿಪಿಪಿ ಅನ್ನುತ್ತೇವಲ್ಲ, ಅದನ್ನು ತಪ್ಪಿಸುವ ಹಳೆಯ ದಾರಿ ಅದು.

ಪ್ರಶ್ನೆ (ಪಂಚಾಯಿತಿ ಸಿಬ್ಬಂದಿ, ಊರು ಬೇಡ):
ಸರ್, ನಮ್ಮ ಕಡೆಯದೂ ಕೇಳಿ. ಒಬ್ಬ ಪಿಡಿಒಗೆ ಎರಡು ಪಂಚಾಯಿತಿ ಚಾರ್ಜ್ ಇರುತ್ತದೆ. ಒಂದು ಸಹಿ ಬಿಟ್ಟು ಹೋದರೂ ಕಂಡಿಕೆ. ಜನ ಅದನ್ನು ಹಿಡಿದು "ಇಷ್ಟು ಲಕ್ಷ ಲೂಟಿ" ಅಂತ ವಾಟ್ಸಾಪಲ್ಲಿ ಹಾಕುತ್ತಾರೆ.

ಉತ್ತರ:
ನೀವು ಹೇಳುವುದು ಸರಿ. ಆಕ್ಷೇಪಣೆ ಅಂದರೆ ಕಳ್ಳತನ ಅಲ್ಲ. ರಸೀದಿ ಅಂಟಿಸಿಲ್ಲ ಎಂಬುದಕ್ಕೂ, ಇಲ್ಲದ ಚರಂಡಿಗೆ ಬಿಲ್ ಮಾಡಿದ್ದಕ್ಕೂ ಬಹಳ ದೂರ. ಮೊತ್ತ ನೋಡಿ ಹೆಸರು ಹಾಕಿ ಪೋಸ್ಟ್ ಮಾಡಬೇಡಿ ಎಂದು ಎಲ್ಲರಿಗೂ ಕೈಮುಗಿದು ಕೇಳುತ್ತೇನೆ. ಪ್ರಾಮಾಣಿಕ ಸಿಬ್ಬಂದಿಗೆ ಅನ್ಯಾಯವಾಗುತ್ತದೆ, ನಿಜವಾದ ಕಂಡಿಕೆಯೂ ಗದ್ದಲದಲ್ಲಿ ಮುಳುಗುತ್ತದೆ. ನಿಮಗೆ ಒಂದು ಸಲಹೆ: ಮಾಹಿತಿ ಹಕ್ಕು ಕಾಯ್ದೆಯ ಕಲಂ 4ರಲ್ಲಿ ಬಜೆಟ್, ಖರ್ಚು, ಫಲಾನುಭವಿ ಪಟ್ಟಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದಿದೆ. ಅದನ್ನು ಗೋಡೆಗೆ ಬರೆಸಿಬಿಡಿ. ಅರ್ಜಿಗಳೂ ಕಡಿಮೆಯಾಗುತ್ತವೆ, ಅನುಮಾನವೂ ಕಡಿಮೆಯಾಗುತ್ತದೆ.

ಪ್ರಶ್ನೆ (ಬೆಂಗಳೂರಿನಿಂದ):
ಪಂಚಾಯಿತಿ ಸರಿ. ರಾಜ್ಯದ ಬಜೆಟ್ ಸಾವಿರಾರು ಪುಟ. ಸಾಮಾನ್ಯರು ಓದಿ ಏನು ಮಾಡಲು ಸಾಧ್ಯ?

ಉತ್ತರ:
ಎಲ್ಲಾ ಪುಟ ಬೇಡ. ನಿಮಗೆ ಬೇಕಾದ ಲೆಕ್ಕ ಶೀರ್ಷಿಕೆ, ಅಂದರೆ ಆ ಖರ್ಚಿನ ವಿಷಯಕ್ಕೆ ಕೊಟ್ಟ ಸಂಖ್ಯೆ ಹಿಡಿಯಿರಿ. ರಸ್ತೆ ನಿರ್ವಹಣೆ ಆದರೆ 3054, ರಸ್ತೆಯ ಬಂಡವಾಳ ವೆಚ್ಚ ಆದರೆ 5054, ಶಾಲಾ ಶಿಕ್ಷಣ ಆದರೆ 2202. ಅಲ್ಲಿ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ಲೆಕ್ಕ ಎಂಬ ಅಂಕಣಗಳಿರುತ್ತವೆ. ಟಿ.ವಿ.ಯಲ್ಲಿ ಚರ್ಚೆ ಆಗುವುದು ಮೊದಲನೆಯದು. ನೀವು ಮೂರನೆಯದನ್ನು ನೋಡಿ. ಘೋಷಿಸಿದ್ದು ಎಷ್ಟು, ಖರ್ಚಾದದ್ದು ಎಷ್ಟು ಎಂಬುದು ಎರಡು ವರ್ಷ ತಡವಾಗಿ ಅಲ್ಲೇ ಬಂದು ಕೂತಿರುತ್ತದೆ.

ಬರೀ ಈ ಎರಡು ಅಂಕಿ ಹೋಲಿಸಿ ನೋಡುವ ಅಭ್ಯಾಸಕ್ಕೆ ಎಷ್ಟು ಬೆಲೆ ಇದೆ ಎಂಬುದಕ್ಕೆ ಬಿಹಾರದ ಮೇವು ಹಗರಣ ಸಾಕ್ಷಿ. ಪಶುಸಂಗೋಪನೆ ಇಲಾಖೆಗೆ ಬಜೆಟ್‌ನಲ್ಲಿ ಒಪ್ಪಿದ್ದಕ್ಕಿಂತ ಎಷ್ಟೋ ಜಾಸ್ತಿ ಹಣ ಸುಳ್ಳು ಬಿಲ್‌ಗಳ ಮೇಲೆ ಖಜಾನೆಯಿಂದ ವರ್ಷಗಟ್ಟಲೆ ಹೋಯಿತು. ಎರಡೂ ಅಂಕಿ ಪಕ್ಕಪಕ್ಕ ಇಟ್ಟು ನೋಡಿದರೆ ಆ ಅಂತರ ಕಾಣುವಂತಿತ್ತು. 1996ರ ಜನವರಿಯಲ್ಲಿ ಚೈಬಾಸಾದಲ್ಲಿ ಜಿಲ್ಲಾಧಿಕಾರಿ ದಾಳಿ ಮಾಡಿದಾಗ ಅದು ಬಯಲಾಯಿತು.

ಸಿಎಜಿ ವರದಿಗಳನ್ನೂ ಓದಿ. ಸಂವಿಧಾನದ 151ನೇ ವಿಧಿಯಂತೆ ಅವು ರಾಜ್ಯಪಾಲರ ಮೂಲಕ ಸದನಕ್ಕೆ ಬರುತ್ತವೆ, ಆಮೇಲೆ ಶಾಸಕರಿರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತವೆ. ನಿಮ್ಮ ಶಾಸಕರನ್ನು "ಈ ಕಂಡಿಕೆಗೆ ಇಲಾಖೆ ಏನು ಉತ್ತರ ಕೊಟ್ಟಿತು?" ಎಂದು ಕೇಳಿ. ಬ್ರೆಜಿಲ್‌ನಲ್ಲಿ 2003ರಿಂದ ಲಾಟರಿ ಎತ್ತಿ ಪುರಸಭೆಗಳನ್ನು ಆರಿಸಿ ಆಡಿಟ್ ಮಾಡಿ ವರದಿ ಪ್ರಕಟಿಸಿದರು. 2004ರ ಚುನಾವಣೆಗೆ ಮೊದಲೇ ವರದಿ ಹೊರಬಂದ ಕಡೆ ಭ್ರಷ್ಟ ಮೇಯರ್‌ಗಳು ಮತ್ತೆ ಗೆಲ್ಲುವುದು ಕಡಿಮೆಯಾಯಿತು. ಸ್ಥಳೀಯ ರೇಡಿಯೋ ಇದ್ದ ಕಡೆ ಇನ್ನೂ ಕಡಿಮೆ. ವರದಿ ಕಪಾಟಿನಿಂದ ಜನರ ಕಿವಿಗೆ ಹೋಗಬೇಕು, ಅದೂ ಸರಿಯಾದ ಸಮಯಕ್ಕೆ.

ಪ್ರಶ್ನೆ (ಮೊದಲ ಸದಸ್ಯರು, ತುಮಕೂರು):
ತುಂಬಾ ಧನ್ಯವಾದ ಸರ್. ಅರ್ಜಿ ಬರೆಯುತ್ತಿದ್ದೇವೆ. ಎಂ.ಬಿ.ಗೂ ರಸ್ತೆಗೂ ತಾಳೆ ಆಗಲಿಲ್ಲ ಅಂದರೆ ಮುಂದೆ ಎಲ್ಲಿಗೆ ಹೋಗಬೇಕು?

ಉತ್ತರ:
ಮೊದಲು ಜಮಾಬಂದಿ, ಅಂದರೆ ಪಂಚಾಯಿತಿ ಲೆಕ್ಕ ಮತ್ತು ಕಾಮಗಾರಿಗಳ ವಾರ್ಷಿಕ ತಪಾಸಣೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿಯಲ್ಲಿ ನಡೆಯಬೇಕು. ಮೇಲಿನ ಅಧಿಕಾರಿ ಬಂದು ದಾಖಲೆ ನೋಡಿ, ಸ್ಥಳಕ್ಕೂ ಹೋಗಿ ಕಾಮಗಾರಿ ಪರಿಶೀಲಿಸುತ್ತಾರೆ. ನಿಮ್ಮ ರಸ್ತೆಯನ್ನು ಅವತ್ತು ಎಲ್ಲರ ಮುಂದೆ ಟೇಪ್ ಹಿಡಿದು ಅಳೆಸಿ, ವರದಿಯಲ್ಲಿ ಬರೆಸಿ. ಹೆಚ್ಚಿನ ಕಡೆ ಇದು ಫೋಟೋಗೆ ಸೀಮಿತವಾಗಿದೆ. ಕಾಗದ ಹಿಡಿದು ಬಂದ ಜನ ಎದುರಿಗಿದ್ದರೆ ಹಾಗೆ ಮುಗಿಸಲು ಆಗುವುದಿಲ್ಲ.

ಅರ್ಜಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಮೇಲ್ಮನವಿ ಹಾಕಿ, ಅಲ್ಲೂ ಆಗದಿದ್ದರೆ ಕರ್ನಾಟಕ ಮಾಹಿತಿ ಆಯೋಗ. ಅಳತೆಯಲ್ಲಿ ಮೋಸ ಕಂಡರೆ ಎಂ.ಬಿ. ನಕಲು, ಜಮಾಬಂದಿ ವರದಿ, ಫೋಟೋ ಸೇರಿಸಿ ಜಿಲ್ಲಾ ಪಂಚಾಯಿತಿ ಸಿಇಒಗೆ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಕೊಟ್ಟು ಸ್ವೀಕೃತಿ ಪಡೆಯಿರಿ. ಲೋಕಾಯುಕ್ತಕ್ಕೆ ಹೋಗುವುದಾದರೆ ನಿಗದಿತ ನಮೂನೆಯಲ್ಲೇ ದೂರು ಬರೆಯಬೇಕು, ಪ್ರಮಾಣಪತ್ರ ಬೇಕು. ಆಗಲೂ ಒಂದೇ ರಸ್ತೆ, ಒಂದೇ ಬಿಲ್, ಎರಡು ಅಳತೆ. ಊರಿನ ಎಲ್ಲಾ ದೂರನ್ನು ಒಂದಕ್ಕೇ ತುಂಬಬೇಡಿ.

ಎಂ.ಬಿ. ಪುಟ ಕೈಗೆ ಬಂದ ಮೇಲೆ ಇಲ್ಲಿ ಹಾಕಿ, ಹೆಸರು ಮತ್ತು ಸಹಿ ಮುಚ್ಚಿ. ಲೆಕ್ಕ ಒಟ್ಟಿಗೆ ನೋಡೋಣ.