ಸಹಾಯ ಬೇಕು: ಟ್ರಕ್ ಚಾಲಕರ ಮಾದಕವಸ್ತು ಪರೀಕ್ಷೆಯಲ್ಲಿ ಮೂತ್ರದ ಪ್ರಮಾಣ ಸಾಲದಿದ್ದರೆ ಮುಂದೇನು?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಟ್ರಕ್ ಓಡಿಸುವ ನನ್ನ ತಮ್ಮನನ್ನು ಕಂಪನಿಯವರು ಸೋಮವಾರ ಮುನ್ಸೂಚನೆಯಿಲ್ಲದ ಮಾದಕವಸ್ತು ಪರೀಕ್ಷೆಗೆ ಕಳುಹಿಸಿದ್ದರು. ಅಲ್ಲಿನ ಸಾರಿಗೆ ಇಲಾಖೆಯ ನಿಯಮದಂತೆ ಕನಿಷ್ಠ 45 ಮಿಲಿಲೀಟರ್ ಮೂತ್ರ ಬೇಕು. ಅವನು ಕೊಟ್ಟದ್ದು ಅಷ್ಟಾಗದೆ ಅದನ್ನು ಚೆಲ್ಲಿ, ಮೂರು ಗಂಟೆ ಕೂರಿಸಿ, 40 ಔನ್ಸ್, ಅಂದರೆ ಸುಮಾರು 1.2 ಲೀಟರ್ ನೀರು ಕುಡಿಯಲು ಅವಕಾಶ ಕೊಟ್ಟರೂ ಪ್ರಯೋಜನವಾಗಲಿಲ್ಲ. ಬಾಗಿಲಾಚೆ ಯಾರೋ ಕಾಯುತ್ತಿದ್ದಾರೆ ಎಂದರೆ ಅವನಿಗೆ ಚಿಕ್ಕಂದಿನಿಂದಲೂ ಮೂತ್ರ ಬರುವುದಿಲ್ಲ. ಮನೆಯಲ್ಲಿ ನಾವು ಇದನ್ನು ತಮಾಷೆ ಮಾಡಿದ್ದೇ ಹೆಚ್ಚು.

ಈಗ 5 ದಿನಗಳೊಳಗೆ, ಫಲಿತಾಂಶ ಪರಿಶೀಲಿಸುವ ವೈದ್ಯಾಧಿಕಾರಿ ಒಪ್ಪುವಂತಹ ವೈದ್ಯರಿಂದ ತಪಾಸಣೆಯಾಗಬೇಕಿದೆ. ಪುರಾವೆಯಿಲ್ಲದೆ ಆ ಹೊತ್ತಿನ ಗಾಬರಿ ಎಂದರೆ ನಡೆಯದು. ತಕ್ಕ ವೈದ್ಯಕೀಯ ಕಾರಣ ಸಿಗದಿದ್ದರೆ ಪರೀಕ್ಷೆಯನ್ನೇ ನಿರಾಕರಿಸಿದನೆಂದು ಎಣಿಸಿ, 2020ರಿಂದ ಜಾರಿಯಲ್ಲಿರುವ, ಚಾಲಕರ ಮಾದಕವಸ್ತು ಮತ್ತು ಮದ್ಯದ ನಿಯಮ ಉಲ್ಲಂಘನೆಗಳ ಸರ್ಕಾರಿ ದಾಖಲೆ ಪಟ್ಟಿಯಾದ ಕ್ಲಿಯರಿಂಗ್‌ಹೌಸ್‌ನಲ್ಲಿ ದಾಖಲಿಸುತ್ತಾರೆ. ಬಿಯರ್ ಕೂಡ ಮುಟ್ಟದವನಿಗೆ ಇದೆಂಥ ಗ್ರಹಚಾರ!

ಎಂಟು ವರ್ಷದ ಹಿಂದೆ ಹಾಸನದಲ್ಲಿ ಇದೇ ತೊಂದರೆಗೆ ವೈದ್ಯರಿಗೆ ತೋರಿಸಿದಾಗ ಬರೆದುಕೊಟ್ಟ, ಮಡಿಕೆಯಲ್ಲಿ ಹರಿದಿರುವ ಚೀಟಿಯೊಂದು ನನ್ನ ಬಳಿ ಇದೆ. ಇಂತಹ ತಪಾಸಣೆಗೆ ಹೋಗಿಬಂದವರು ಅಥವಾ ಅಲ್ಲಿ ವೈದ್ಯರಾಗಿರುವವರು, ಈ ಚೀಟಿಗೆ ಬೆಲೆ ಸಿಗುವುದೇ, ಇಂಗ್ಲಿಷ್‌ನಲ್ಲಿ ಹೊಸದಾಗಿ ಪತ್ರ ಬರೆಸಬೇಕೇ ಎಂದು ದಯವಿಟ್ಟು ತಿಳಿಸಿ. ಅವನ ತಪಾಸಣೆ ಗುರುವಾರ ಬೆಳಿಗ್ಗೆ ಇದೆ.