ಗೋಧಿ ನಿಲ್ಲಿಸುವ ಮೊದಲು ರಕ್ತಪರೀಕ್ಷೆ ಮಾಡಿಸಿ: ಗ್ಲುಟೆನ್ ಬಗ್ಗೆ ಪೋಷಕರ ಪ್ರಶ್ನೆಗಳಿಗೆ ಮಕ್ಕಳ ವೈದ್ಯೆಯ ಉತ್ತರ

ಪ್ರಶ್ನೆ (ಧಾರವಾಡದಿಂದ ಒಬ್ಬ ತಾಯಿ):

ನಮಸ್ಕಾರ ಮೇಡಂ. ಮಗಳಿಗೆ ಈಗ ಎರಡೂವರೆ ವರ್ಷ. ವರ್ಷ ತುಂಬುವ ತನಕ ಚೆನ್ನಾಗಿ ಬೆಳೆಯುತ್ತಿದ್ದಳು. ಚಪಾತಿ, ಗೋಧಿ ಸಜ್ಜಿಗೆ, ಬಿಸ್ಕತ್ತು ತಿನ್ನತೊಡಗಿದ ಮೇಲೆ ತಿಂದದ್ದು ಮೈಗೆ ಹತ್ತುತ್ತಿಲ್ಲ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಉಬ್ಬಿ ಮುಂದೆ ಬಂದಿದೆ. ದಿನಕ್ಕೆ ಮೂರು ನಾಲ್ಕು ಸಲ ಬಿಳಿಚಿದ, ಕೆಟ್ಟ ವಾಸನೆಯ ಭೇದಿ. ಸದಾ ಕಿರಿಕಿರಿ. ಅತ್ತೆಯವರು ದೃಷ್ಟಿಯಾಗಿದೆ ಎನ್ನುತ್ತಾರೆ, ಪಕ್ಕದ ಮನೆಯವರು ಜಂತುಹುಳು ಎನ್ನುತ್ತಾರೆ. ಗೋಧಿ ಆಗಿಬರುತ್ತಿಲ್ಲವೇನೋ ಎಂದು ನನಗೆ ಅನುಮಾನ. ಎರಡು ವಾರ ಗೋಧಿ ನಿಲ್ಲಿಸಿ ನೋಡಿದರೆ ಗೊತ್ತಾಗುವುದಿಲ್ಲವೇ? ಬೆರಳು ಚುಚ್ಚಿ ಮನೆಯಲ್ಲೇ ನೋಡುವ ಕಿಟ್ ಕೂಡ ಸಿಗುತ್ತದಂತೆ. ಇಷ್ಟು ಸಣ್ಣ ಮಗುವಿನ ರಕ್ತ ತೆಗೆಸಲು ಮನಸ್ಸೇ ಬರುತ್ತಿಲ್ಲ.

ಉತ್ತರ:

ನಿಮ್ಮ ಅನುಮಾನಕ್ಕೆ ಆಧಾರವಿದೆ, ಆದ್ದರಿಂದಲೇ ಕೇಳಿಕೊಳ್ಳುತ್ತೇನೆ: ದಯವಿಟ್ಟು ಇವತ್ತು ಗೋಧಿ ನಿಲ್ಲಿಸಬೇಡಿ. ಎಂದಿನಂತೆ ಚಪಾತಿ, ಸಜ್ಜಿಗೆ ಕೊಡುತ್ತಲೇ ಇರಿ, ಈ ವಾರವೇ ರಕ್ತ ಕೊಡಿಸಿ.

ಕಾರಣ ಹೇಳುತ್ತೇನೆ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಮೊದಲು ನೆನಪಾಗುವುದು ಸೀಲಿಯಾಕ್ ಕಾಯಿಲೆ. ಇದರಲ್ಲಿ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿಗೆ ದೇಹದ ರಕ್ಷಣಾ ವ್ಯವಸ್ಥೆ ತಪ್ಪಾಗಿ ಸ್ಪಂದಿಸಿ ಸಣ್ಣ ಕರುಳಿನ ಮೇಲೇ ದಾಳಿ ಮಾಡುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಕಮಲ್ಲಿನ ಎಳೆಗಳಂತೆ ಎದ್ದು ನಿಂತ ರಚನೆಗಳಿವೆ, ಆಹಾರದ ಸಾರವನ್ನು ಹೀರಿಕೊಳ್ಳುವುದು ಅವೇ. ಅವು ಸವೆದು ಚಪ್ಪಟೆಯಾದರೆ ಮಗು ಎಷ್ಟು ತಿಂದರೂ ತೂಕ ಏರುವುದಿಲ್ಲ, ಕಬ್ಬಿಣಾಂಶ ಸೇರದೆ ರಕ್ತಹೀನತೆ ಬರುತ್ತದೆ, ಎತ್ತರ ಕುಂಠಿತವಾಗುತ್ತದೆ.

ಈ ದಾಳಿಯ ಗುರುತು ರಕ್ತದಲ್ಲಿ ಸಿಗುತ್ತದೆ. ಟಿಟಿಜಿ-ಐಜಿಎ ಎಂಬ ಪ್ರತಿಕಾಯವನ್ನು (ಆ್ಯಂಟಿಬಾಡಿ, ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನ್) ಅಳೆಯುವ ಪರೀಕ್ಷೆ ಅದು. ಮಗು ಗೋಧಿ ತಿನ್ನುತ್ತಿದ್ದರೆ ಮಾತ್ರ ಆ ಪ್ರತಿಕಾಯ ತಯಾರಾಗುತ್ತಿರುತ್ತದೆ. ಗೋಧಿ ನಿಲ್ಲಿಸಿದರೆ ಅದು ಮೆಲ್ಲಗೆ ಇಳಿಯುತ್ತದೆ, ಕರುಳೂ ಮಾಯತೊಡಗುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿದರೆ, ಕಾಯಿಲೆ ಇರುವ ಮಗುವಿಗೂ ‘ಇಲ್ಲ’ ಎಂಬ ವರದಿ ಬರಬಹುದು. ಪರೀಕ್ಷೆಗೆ ಮುಂಚೆ ಕನಿಷ್ಠ ಆರು ವಾರ ದಿನವೂ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ ಇರಬೇಕೆಂಬುದು ಒಪ್ಪಿತ ಕ್ರಮ. ನಿಮ್ಮ ಮಗಳು ಈಗಾಗಲೇ ತಿನ್ನುತ್ತಿರುವುದರಿಂದ ನೀವು ಕಾಯಬೇಕಾಗಿಲ್ಲ.

ಲ್ಯಾಬ್‌ಗೆ ಹೋದಾಗ ಟಿಟಿಜಿ-ಐಜಿಎ ಜೊತೆಗೆ ‘ಒಟ್ಟು ಐಜಿಎ’ ಕೂಡ ನೋಡಲು ಚೀಟಿಯಲ್ಲಿ ಬರೆಸಿಕೊಳ್ಳಿ. ಕೆಲವು ಮಕ್ಕಳ ದೇಹದಲ್ಲಿ ಐಜಿಎ ಬಗೆಯ ಪ್ರತಿಕಾಯಗಳೇ ಹುಟ್ಟಿನಿಂದ ಇರುವುದಿಲ್ಲ, ಅಂಥವರಲ್ಲಿ ಟಿಟಿಜಿ-ಐಜಿಎ ಸೊನ್ನೆ ಬಂದರೂ ಅದಕ್ಕೆ ಅರ್ಥವಿಲ್ಲ. ಅವರಿಗೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಪರೀಕ್ಷೆ ಬೇಕು. ಬೆರಳು ಚುಚ್ಚುವ ಕಿಟ್‌ನಲ್ಲಿ ನನಗಿರುವ ಮುಖ್ಯ ತೊಡಕು ಇದೇ. ಕಿಟ್ ‘ಇಲ್ಲ’ ಎಂದರೆ ನಂಬುವಂತಿಲ್ಲ, ‘ಇದೆ’ ಎಂದರೂ ಲ್ಯಾಬ್‌ನಲ್ಲಿ ಮತ್ತೆ ರಕ್ತ ಕೊಡಲೇಬೇಕು. ಸೂಜಿ ತಪ್ಪಿಸಲು ಹೋಗಿ ಎರಡು ಸಲ ಚುಚ್ಚಿಸಿದಂತಾಗುತ್ತದೆ. ಇದಕ್ಕೆ ಬೇಕಾದದ್ದು ಕೆಲವೇ ಮಿಲಿಲೀಟರ್ ರಕ್ತ, ಖಾಲಿ ಹೊಟ್ಟೆಯೂ ಬೇಡ. ಹೊರಡುವ ಮುಂಚೆ ಚೆನ್ನಾಗಿ ನೀರು ಕುಡಿಸಿ, ಮಕ್ಕಳ ರಕ್ತ ತೆಗೆದು ಅಭ್ಯಾಸವಿರುವವರನ್ನು ಕೇಳಿ, ತೊಡೆಯ ಮೇಲೆ ಕೂರಿಸಿಕೊಂಡು ಅಪ್ಪಿ ಹಿಡಿದುಕೊಳ್ಳಿ.

ಮನೆಯಲ್ಲಿ ನೀವು ಮಾಡಬಹುದಾದ ಒಳ್ಳೆಯ ಕೆಲಸ ಬೇರೆ ಇದೆ. ತಾಯಿ ಕಾರ್ಡ್ ತೆಗೆಯಿರಿ. ಅದರ ಬೆಳವಣಿಗೆಯ ನಕ್ಷೆಯಲ್ಲಿ ಹುಟ್ಟಿದಾಗಿನಿಂದ ಬರೆಸಿದ ತೂಕಗಳನ್ನು ಗೆರೆ ಎಳೆದು ಸೇರಿಸಿ. ಏರುತ್ತಿದ್ದ ಗೆರೆ ಯಾವ ತಿಂಗಳಲ್ಲಿ ಅಡ್ಡಕ್ಕೆ ತಿರುಗಿತು, ಆಗ ಹೊಸದಾಗಿ ಏನು ಕೊಡಲು ಶುರು ಮಾಡಿದಿರಿ ಎಂದು ಬರೆದಿಡಿ. ಮಲದ ಒಂದು ಫೋಟೋ ತೆಗೆದುಕೊಳ್ಳಿ, ನಾಚಿಕೆ ಬೇಡ, ಅರ್ಧ ಗಂಟೆ ವಿವರಿಸಿದರೂ ಸಿಗದ ಮಾಹಿತಿ ಆ ಫೋಟೋದಲ್ಲಿರುತ್ತದೆ. ಮನೆಯವರಲ್ಲಿ ಥೈರಾಯ್ಡ್ ತೊಂದರೆ, ಚಿಕ್ಕ ವಯಸ್ಸಿಗೇ ಇನ್ಸುಲಿನ್ ಬೇಕಾದ ಮಧುಮೇಹ, ಸೀಲಿಯಾಕ್ ಯಾರಿಗಾದರೂ ಇದೆಯೇ ಎಂದು ಕೇಳಿಕೊಳ್ಳಿ.

ಜಂತುಹುಳು ಎಂದ ಪಕ್ಕದ ಮನೆಯವರ ಮಾತನ್ನೂ ತಳ್ಳಿಹಾಕಬೇಡಿ. ಜಿಯಾರ್ಡಿಯಾ ಎಂಬ ಪರೋಪಜೀವಿ ಇದೇ ರೀತಿ ಹೊಟ್ಟೆ ಉಬ್ಬಿಸಿ ವಾಸನೆಯ ಭೇದಿ ತರುತ್ತದೆ. ಮಲಪರೀಕ್ಷೆಯನ್ನೂ ಜೊತೆಗೇ ಮಾಡಿಸಿ. ಹಸುವಿನ ಹಾಲಿನ ಪ್ರೋಟೀನ್ ಒಗ್ಗದ ಮಕ್ಕಳೂ ಹೀಗೇ ಕಾಣಬಹುದು. ಮಗುವಿನ ಕಣ್ಣು ಗುಳಿಬಿದ್ದಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಪಾದ ಊದಿಕೊಂಡಿದ್ದರೆ, ಮಂಕಾಗಿ ಮಲಗಿಬಿಟ್ಟರೆ ಇವೆಲ್ಲ ಪಟ್ಟಿ ಬದಿಗಿಟ್ಟು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ (ತುಮಕೂರಿನಿಂದ ಒಬ್ಬ ತಂದೆ):

ನೂರಾರು ಆಹಾರಗಳನ್ನು ಒಂದೇ ಸಲಕ್ಕೆ ಪರೀಕ್ಷಿಸುವ ಪ್ಯಾಕೇಜ್ ಇದೆ, ಕೂದಲು ಕಳಿಸಿದರೂ ಸಾಕು ಎಂಬ ಜಾಹೀರಾತು ನೋಡಿದೆ. ಅದನ್ನು ಮಾಡಿಸಬಹುದೇ?

ಉತ್ತರ:

ಬೇಡ. ಕೂದಲಿನಿಂದ ಗ್ಲುಟೆನ್ ತೊಂದರೆ ತಿಳಿಯುವ ವಿಧಾನವೇ ಇಲ್ಲ. ಆ ದೊಡ್ಡ ಪ್ಯಾಕೇಜ್‌ಗಳಲ್ಲಿ ಸಾಮಾನ್ಯವಾಗಿ ಅಳೆಯುವುದು ಆಹಾರಗಳ ವಿರುದ್ಧದ ಐಜಿಜಿ. ಮಗು ಆ ಪದಾರ್ಥವನ್ನು ತಿಂದಿದೆ ಎಂದಷ್ಟೇ ಅದು ಹೇಳುತ್ತದೆ, ಅದು ಕಾಯಿಲೆಯ ಗುರುತಲ್ಲ. ಅಂಥ ವರದಿ ನಂಬಿ ಹಾಲು, ಮೊಟ್ಟೆ, ಶೇಂಗಾ, ಗೋಧಿ ಎಲ್ಲವನ್ನೂ ನಿಲ್ಲಿಸಿ ಸೊರಗಿದ ಮಕ್ಕಳನ್ನು ನೋಡಿದಾಗ ಸಂಕಟವಾಗುತ್ತದೆ. ಆ ದುಡ್ಡನ್ನು ಹಣ್ಣು, ಬೇಳೆ, ಮೊಟ್ಟೆಗೆ ಖರ್ಚು ಮಾಡಿ.

ಪ್ರಶ್ನೆ (ಗುರುಗ್ರಾಮದಲ್ಲಿರುವ ಒಬ್ಬ ಕನ್ನಡಿಗ ತಂದೆ):

ನಾವು ಆಗಲೇ ನಿಲ್ಲಿಸಿಬಿಟ್ಟಿದ್ದೇವೆ ಮೇಡಂ. ಮಗನಿಗೆ ಮೂರು ವರ್ಷ. ಗೋಧಿ ಬಿಟ್ಟು ಒಂದು ತಿಂಗಳ ಮೇಲಾಯಿತು. ಹೊಟ್ಟೆ ಉಬ್ಬರ ಇಳಿದಿದೆ, ಮೊದಲಿಗಿಂತ ಲವಲವಿಕೆಯಿಂದ ಇದ್ದಾನೆ. ಇದೇ ಸಾಕ್ಷಿಯಲ್ಲವೇ? ಮತ್ತೆ ಗೋಧಿ ತಿನ್ನಿಸಿ ಪರೀಕ್ಷೆ ಮಾಡಿಸಬೇಕೇ?

ಉತ್ತರ:

ಮಗು ಚೇತರಿಸಿಕೊಂಡಿರುವುದು ಸಂತೋಷದ ವಿಷಯ. ಆದರೆ ಅದು ಸಾಕ್ಷಿಯಾಗುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ ಸಿಗದಂತಾದಾಗ ಸೀಲಿಯಾಕ್ ಮಕ್ಕಳು ಸುಧಾರಿಸಿದ್ದನ್ನು ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಗಮನಿಸಿದರು. ಗೋಧಿಯನ್ನು ಬಿಡಿಸಿ, ಮತ್ತೆ ಕೊಟ್ಟು, ಮಕ್ಕಳ ತೂಕ ನೋಡುತ್ತ 1950ರ ಹೊತ್ತಿಗೆ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟರು. ಅವರ ಬಳಿ ಬೇರೆ ದಾರಿಯಿರಲಿಲ್ಲ. ನಮಗೆ ಇದೆ.

ಗೋಧಿ ಬಿಟ್ಟಾಗ ಏನೆಲ್ಲ ಬಿಟ್ಟುಹೋಯಿತು ಎಂದು ಯೋಚಿಸಿ. ಬಿಸ್ಕತ್ತು, ಬ್ರೆಡ್, ನೂಡಲ್ಸ್, ಬೇಕರಿ ತಿಂಡಿ ಎಲ್ಲವೂ ಹೋಯಿತು. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಬೇರೊಂದು ಕಾರ್ಬೋಹೈಡ್ರೇಟ್ ಅಂಶವಿದೆ, ಕೆಲವರಿಗೆ ಅದೇ ಹೊಟ್ಟೆ ಉಬ್ಬಿಸುತ್ತದೆ, ಗ್ಲುಟೆನ್ ಅಲ್ಲ. ಭೇದಿಯ ಒಂದು ಸುತ್ತು ಮುಗಿದು ಮಗು ತಾನಾಗಿ ಸುಧಾರಿಸಿರಲೂಬಹುದು. ಸೀಲಿಯಾಕ್ ಎಂದು ಖಚಿತವಾದರೆ ಜೀವನಪೂರ್ತಿ ಕಟ್ಟುನಿಟ್ಟಿನ ಪಥ್ಯ. ಅಂಥ ಪಥ್ಯವನ್ನು ಊಹೆಯ ಮೇಲೆ ಒಂದು ಮಗುವಿನ ಮೇಲೆ ಹೊರಿಸಬಾರದು, ಬೇಕಾದವನಿಗೆ ಅರೆಬರೆಯಾಗಿ ಮಾಡಿಸಲೂಬಾರದು.

ಈಗ ನೀವು ಮಾಡಬೇಕಾದದ್ದು: ಮತ್ತೆ ಗೋಧಿ ಶುರು ಮಾಡುವ ಮುಂಚೆ, ತಡ ಮಾಡದೆ ಟಿಟಿಜಿ ಮಾಡಿಸಿ. ಪ್ರತಿಕಾಯ ಇಳಿಯಲು ಹಲವು ತಿಂಗಳು ಬೇಕಾಗುವುದರಿಂದ ಇನ್ನೂ ಸಿಗುವ ಸಾಧ್ಯತೆ ಇದೆ. ಸಿಗದಿದ್ದರೆ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ಜೀನ್ ಪರೀಕ್ಷೆ ಇದೆ. ಊಟ ಬದಲಾದರೂ ಅದರ ಫಲಿತಾಂಶ ಬದಲಾಗದು. ಈ ಎರಡು ಜೀನ್‌ಗಳೂ ಇಲ್ಲದಿದ್ದರೆ ಸೀಲಿಯಾಕ್ ಅಲ್ಲವೆಂದೇ ತಿಳಿಯಬಹುದು. ಇದ್ದರೆ ಕಾಯಿಲೆ ಇದೆ ಎಂದಲ್ಲ, ಈ ಜೀನ್‌ಗಳಿರುವ ಬಹುಪಾಲು ಜನ ಜೀವಮಾನವಿಡೀ ಗೋಧಿ ತಿಂದು ಆರೋಗ್ಯವಾಗಿಯೇ ಇರುತ್ತಾರೆ.

ಮತ್ತೆ ಗೋಧಿ ಕೊಟ್ಟು ನೋಡುವ ಕ್ರಮಕ್ಕೆ ಐದು ವರ್ಷದೊಳಗಿನ ಮಕ್ಕಳಲ್ಲಿ ಸಾಮಾನ್ಯವಾಗಿ ಕೈಹಾಕುವುದಿಲ್ಲ, ಬೆಳೆಯುವ ವಯಸ್ಸಿಗೆ ಪೆಟ್ಟು ಬೀಳಬಾರದೆಂದು. ಹಾಗಾಗಿ ಇದನ್ನು ಮಕ್ಕಳ ಉದರರೋಗ ತಜ್ಞರ ಎದುರು ಕೂತು ತೀರ್ಮಾನಿಸಿ. ನೀವಿರುವ ಕಡೆ ಈ ಕಾಯಿಲೆ ಚಿರಪರಿಚಿತ. 2016ರಲ್ಲಿ ಪ್ರಕಟವಾದ ಭಾರತದ ವಯಸ್ಕರ ಸಮೀಕ್ಷೆಯಲ್ಲಿ ಸೀಲಿಯಾಕ್ ಪ್ರತಿಕಾಯ ಉತ್ತರದಲ್ಲಿ ಶೇಕಡಾ 1.23 ಮಂದಿಯಲ್ಲಿ, ದಕ್ಷಿಣದಲ್ಲಿ ಶೇಕಡಾ 0.10 ಮಂದಿಯಲ್ಲಿ ಕಂಡಿತ್ತು. ಅಲ್ಲಿನವರು ನಮಗಿಂತ ಬಹುಪಟ್ಟು ಹೆಚ್ಚು ಗೋಧಿ ತಿನ್ನುತ್ತಾರೆ. ನಮ್ಮ ಕಡೆ ಅಪರೂಪವಾದ್ದರಿಂದಲೇ ಇಲ್ಲಿ ಎಷ್ಟೋ ಸಲ ಇದು ಯಾರಿಗೂ ಹೊಳೆಯುವುದಿಲ್ಲ. ಅದೂ ನನ್ನ ಚಿಂತೆಯೇ.

ಪ್ರಶ್ನೆ (ಬೆಂಗಳೂರಿನಿಂದ ಒಬ್ಬ ತಾಯಿ):

ಹತ್ತು ತಿಂಗಳ ಮಗುವಿಗೆ ರವೆ ಗಂಜಿ ತಿನ್ನಿಸಿದ ಅರ್ಧ ಗಂಟೆಯೊಳಗೆ ಮುಖದ ತುಂಬ ದದ್ದು ಎದ್ದು ವಾಂತಿಯಾಯಿತು. ಸ್ವಲ್ಪ ಸ್ವಲ್ಪವೇ ಕೊಟ್ಟು ಮತ್ತೆ ನೋಡಲೇ?

ಉತ್ತರ:

ಖಂಡಿತ ಕೊಡಬೇಡಿ! ಇದು ಸೀಲಿಯಾಕ್ ಅಲ್ಲ, ಗೋಧಿಯ ಅಲರ್ಜಿಯಂತೆ ಕಾಣುತ್ತದೆ. ಇಲ್ಲಿ ಮೇಲೆ ಬರೆದ ‘ನಿಲ್ಲಿಸಬೇಡಿ’ ಎಂಬ ಮಾತು ನಿಮಗೆ ಅನ್ವಯಿಸುವುದಿಲ್ಲ. ಗೋಧಿ, ರವೆ, ಮೈದಾ ಎಲ್ಲವನ್ನೂ ಈಗಲೇ ನಿಲ್ಲಿಸಿ ಅಲರ್ಜಿ ತಜ್ಞರನ್ನು ಕಾಣಿ. ಮತ್ತೆ ಕೊಟ್ಟು ನೋಡುವುದಿದ್ದರೆ ಅದು ಆಸ್ಪತ್ರೆಯಲ್ಲಿ, ಔಷಧಿ ಸಿದ್ಧವಿಟ್ಟುಕೊಂಡು ಮಾಡುವ ಕೆಲಸ. ತುಟಿ ನಾಲಿಗೆ ಊದಿದರೆ, ಉಸಿರಾಟದಲ್ಲಿ ಸುಯ್ಯೆಂಬ ಸದ್ದು ಬಂದರೆ, ಮಗು ಸೋತು ಬಿದ್ದರೆ ಕ್ಷಣವೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ಪ್ರಶ್ನೆ (ಮೊದಲು ಕೇಳಿದ ಧಾರವಾಡದ ತಾಯಿ):

ವರದಿ ಬಂತು ಮೇಡಂ. ಟಿಟಿಜಿ ಇರಬೇಕಾದ ಮಿತಿಗಿಂತ ಹತ್ತು ಪಟ್ಟಿಗೂ ಹೆಚ್ಚಿದೆ. ಒಟ್ಟು ಐಜಿಎ ಸರಿಯಿದೆ, ಹಿಮೋಗ್ಲೋಬಿನ್ 8.1. ಮಲದಲ್ಲಿ ಏನೂ ಸಿಕ್ಕಿಲ್ಲ. ಇನ್ನಾದರೂ ಗೋಧಿ ನಿಲ್ಲಿಸಬಹುದೇ?

ಉತ್ತರ:

ಇನ್ನು ಕೆಲವೇ ದಿನ ತಡೆದುಕೊಳ್ಳಿ. ನಿಮ್ಮ ಕರುಳು ಕಿವುಚುತ್ತಿರುತ್ತದೆ, ಗೊತ್ತು. ಹತ್ತು ಪಟ್ಟು ಮೀರಿದ್ದರೆ, ಬೇರೆಯಾಗಿ ತೆಗೆದ ಎರಡನೇ ಮಾದರಿಯಲ್ಲಿ ಇಎಂಎ ಎಂಬ ಇನ್ನೊಂದು ಪ್ರತಿಕಾಯವೂ ಸಿಕ್ಕರೆ ಬಯಾಪ್ಸಿ (ಕರುಳಿನ ಚೂರು ತೆಗೆದು ನೋಡುವ ಪರೀಕ್ಷೆ) ಇಲ್ಲದೆಯೇ ಕಾಯಿಲೆಯನ್ನು ಖಚಿತಪಡಿಸಬಹುದೆಂದು ಯುರೋಪಿನ ಮಕ್ಕಳ ಉದರರೋಗ ತಜ್ಞರ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ. ಲ್ಯಾಬ್‌ಗಳ ಕಿಟ್ ಒಂದೊಂದು ಕಡೆ ಒಂದೊಂದು ಬಗೆ ಇರುವುದರಿಂದ ನಮ್ಮಲ್ಲಿ ಅನೇಕ ತಜ್ಞರು ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯಿಂದ ಸಣ್ಣ ಕ್ಯಾಮೆರಾ ಕೊಳವೆ ಇಳಿಸಿ, ಕರುಳಿನ ಚೂರುಗಳನ್ನು ನೋಡಲು ಬಯಸುತ್ತಾರೆ. ಮಗುವಿಗೆ ನಿದ್ದೆ ಬರಿಸುವ ಔಷಧಿ ಕೊಟ್ಟು ಮಾಡುವುದರಿಂದ ಅವಳಿಗೆ ನೋವಾಗುವುದಿಲ್ಲ. ಎರಡರಲ್ಲಿ ಯಾವುದೆಂದು ತಜ್ಞರು ನಿರ್ಧರಿಸಲಿ, ಅದು ಮುಗಿದ ದಿನವೇ ಗೋಧಿ ನಿಲ್ಲಿಸಿ. ಹಿಮೋಗ್ಲೋಬಿನ್ ಅಷ್ಟು ಕಡಿಮೆ ಇರುವುದರಿಂದ ಭೇಟಿಯ ದಿನವನ್ನು ಮುಂದೂಡಬೇಡಿ, ಕಬ್ಬಿಣಾಂಶದ ಔಷಧಿ, ವಿಟಮಿನ್ ಡಿ, ಥೈರಾಯ್ಡ್ ಪರೀಕ್ಷೆ ಬಗ್ಗೆಯೂ ಅಂದೇ ಕೇಳಿ. ಅಕ್ಕ ಅಣ್ಣ ಇದ್ದರೆ ಅವರಿಗೂ, ನಿಮ್ಮಿಬ್ಬರಿಗೂ ಟಿಟಿಜಿ ಮಾಡಿಸಬೇಕು, ಲಕ್ಷಣ ಇರಲಿ ಬಿಡಲಿ.

ಪ್ರಶ್ನೆ (ದಾವಣಗೆರೆಯಿಂದ ಒಬ್ಬ ಅಜ್ಜಿ):

ನಮ್ಮ ಮೊಮ್ಮಗನಿಗೆ ಸೀಲಿಯಾಕ್ ಎಂದು ಖಚಿತವಾಗಿದೆ ತಾಯಿ. ಅಡುಗೆ ಮಾಡುವವಳು ನಾನು. ಚಪಾತಿ ಬಿಟ್ಟರೆ ಸಾಲದೇ? ಜೋಳದ ರೊಟ್ಟಿ, ರಾಗಿ ಮುದ್ದೆ, ಅನ್ನ ಕೊಡುತ್ತಿದ್ದೇನೆ. ಆದರೂ ಟಿಟಿಜಿ ಇಳಿಯುತ್ತಿಲ್ಲವಂತೆ.

ಉತ್ತರ:

ಅಮ್ಮಾ, ನೀವು ಕೊಡುತ್ತಿರುವ ಊಟ ಬಂಗಾರದಂಥದ್ದು. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಬೇಳೆ, ಹಾಲು, ಮೊಟ್ಟೆ, ತರಕಾರಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ತೊಂದರೆ ಬರುತ್ತಿರುವುದು ಕಣ್ಣಿಗೆ ಬೀಳದ ಜಾಗಗಳಿಂದ ಇರಬೇಕು. ದಿನವೂ 50 ಮಿಲಿಗ್ರಾಂ ಗ್ಲುಟೆನ್ ಒಳಹೋದರೂ ಕರುಳಿಗೆ ಪೆಟ್ಟು ಬೀಳುತ್ತದೆ. ಚಪಾತಿಯ ಒಂದು ಚೂರು ಸಾಕು ಅದಕ್ಕೆ.

ಮೊದಲು ಹಿಟ್ಟಿನ ಗಿರಣಿ. ನಿಮಗಿಂತ ಮುಂದಿನವರು ಗೋಧಿ ಬೀಸಿಸಿದ ಕಲ್ಲಿನಲ್ಲೇ ನಿಮ್ಮ ಜೋಳ ಬಿದ್ದರೆ ಅವರ ಗೋಧಿ ಹಿಟ್ಟು ನಿಮ್ಮ ಡಬ್ಬಿಗೆ ಬರುತ್ತದೆ. ರಾಗಿ ಜೋಳವನ್ನು ಆರಿಸಿ ತೊಳೆದು ಒಣಗಿಸಿ ಮನೆಯ ಗಿರಣಿಯಲ್ಲೋ ಮಿಕ್ಸಿಯಲ್ಲೋ ಬೀಸಿಕೊಳ್ಳಿ. ಆಮೇಲೆ ಇಂಗು: ಅಂಗಡಿಯ ಇಂಗಿನ ಪುಡಿಗೆ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುವುದೇ ಹೆಚ್ಚು, ದಿನದ ಸಾರಿನ ಒಗ್ಗರಣೆಯಲ್ಲಿ ಅದು ಹೋಗುತ್ತಿರಬಹುದು. ಅಕ್ಕಿ ಹಿಟ್ಟಿನಲ್ಲಿ ಮಾಡಿದ ಇಂಗು ಹುಡುಕಿ, ಸಿಗದಿದ್ದರೆ ಬೆಳ್ಳುಳ್ಳಿ ಹಾಕಿ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ ಇರುತ್ತದೆ. ರಾಗಿ ಬಿಸ್ಕತ್ತೆಂದು ಮಾರುವುದರಲ್ಲೂ ಮೈದಾ ಇರುತ್ತದೆ. ಖಪ್ಲಿ ಗೋಧಿ ಒಳ್ಳೆಯದೆಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದೂ ಗೋಧಿಯೇ. ಪೊಟ್ಟಣದ ತಿನಿಸಿನ ಮೇಲೆ ‘ಗ್ಲುಟೆನ್ ರಹಿತ’ ಎಂದಿರಲಿ, ನಮ್ಮ ದೇಶದ ನಿಯಮದಂತೆ ಹಾಗೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಕಡಿಮೆ ಗ್ಲುಟೆನ್ ಇರಬೇಕು.

ಜರಡಿ, ಮಣೆ, ಲಟ್ಟಣಿಗೆ ಅವನಿಗೇ ಬೇರೆ ಇಡಿ, ಮರದ ಸಂದಿನಲ್ಲಿ ಕೂತ ಹಿಟ್ಟು ತೊಳೆದರೂ ಹೋಗುವುದಿಲ್ಲ. ಪೂರಿ ಕರಿದ ಎಣ್ಣೆಯಲ್ಲಿ ಅವನ ಹಪ್ಪಳ ಕರಿಯಬೇಡಿ. ಒತ್ತು ಶಾವಿಗೆ ಅಕ್ಕಿಯದಾದರೆ ಸರಿ, ಪಾಯಸದ ಶಾವಿಗೆ ಬೇಡ. ಹೋಳಿಗೆಯ ಕಣಕ ಮೈದಾ, ಅವನಿಗೆ ಹೂರಣವನ್ನು ಕಣಕ ಮುಟ್ಟುವ ಮುಂಚೆಯೇ ತೆಗೆದಿಟ್ಟು ಅಕ್ಕಿ ಹಿಟ್ಟಿನ ಕಡುಬಿಗೆ ತುಂಬಿ. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ಗೋಧಿ ರವೆಯದು. ಪ್ರಸಾದ ಒಂದು ಚೂರಾದರೂ ತಿನ್ನಲಿ ಎಂದು ಹಿರಿಯರು ಬಾಯಿಗಿಡುತ್ತಾರೆ, ಅವನ ಪಾಲಿಗೆ ಬಾಳೆಹಣ್ಣು, ಪಂಚಾಮೃತ ಕೊಡಿಸಿ. ಅಂಗನವಾಡಿಯಲ್ಲಿ ಏನು ತಿನ್ನುತ್ತಾನೆ ಎಂದು ಕಾರ್ಯಕರ್ತೆಯನ್ನು ಕೇಳಿ, ಪೌಷ್ಟಿಕ ಪುಡಿಯಲ್ಲಿ ಗೋಧಿ ಇದೆಯೇ ಎಂದು ಚೀಲದ ಮೇಲೆ ಓದಿಸಿ, ವೈದ್ಯರ ಚೀಟಿಯ ಒಂದು ಪ್ರತಿ ಅವರ ಬಳಿಯೂ ಇರಲಿ.

ಇಷ್ಟು ಸರಿಪಡಿಸಿದ ಮೇಲೆ ಟಿಟಿಜಿ ಮತ್ತೆ ಯಾವಾಗ ನೋಡಬೇಕೆಂದು ನಿಮ್ಮ ವೈದ್ಯರನ್ನು ಕೇಳಿ, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ನೋಡುತ್ತಾರೆ. ಪೂರ್ತಿ ಇಳಿಯಲು ಒಂದೆರಡು ವರ್ಷ ಹಿಡಿದರೂ ಗಾಬರಿ ಬೇಡ, ಪ್ರತಿ ಸಲ ಹಿಂದಿನದಕ್ಕಿಂತ ಕಡಿಮೆಯಾಗುತ್ತಿರಬೇಕು, ತೂಕ ಏರುತ್ತಿರಬೇಕು. ವರದಿಗಳನ್ನೆಲ್ಲ ಒಂದೇ ಫೈಲಿನಲ್ಲಿ ದಿನಾಂಕದ ಪ್ರಕಾರ ಜೋಡಿಸಿಟ್ಟುಕೊಂಡು ಹೋಗಿ.