ಚಕಮಕಿ ಕೋವಿ: 600 ಡಾಲರಿನದು ಸಾಕೋ, ಇನ್ನಷ್ಟು ಕೂಡಿಡಬೇಕೋ?

ಮಂಜಿನಕಾಡು:
ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ಮುಗಿದ ಮೇಲೆ ಬರುವ ಫ್ಲಿಂಟ್‌ಲಾಕ್ (ಚಕಮಕಿ ಕೋವಿಯ) ಜಿಂಕೆ ಬೇಟೆ ಸೀಸನ್ನಿಗೆ ಒಂದು ಕೋವಿ ಬೇಕು. .50 ಕ್ಯಾಲಿಬರ್, ಹೊಡೆತ 60 ಗಜದೊಳಗೆ. ಕಾರ್ಖಾನೆಯ ಅಗ್ಗದ್ದು 600 ಡಾಲರ್ ಆಸುಪಾಸು, ಇಟಲಿಯ ಪೆಡೆರ್ಸೋಲಿ ಕಂಪನಿಯದು ಅದರ ಎರಡರಷ್ಟು, ನಾವೇ ಜೋಡಿಸಿಕೊಳ್ಳುವ ಒಳ್ಳೆಯ ಕಿಟ್ಟೂ ಹೆಚ್ಚುಕಮ್ಮಿ ಅಷ್ಟೇ. ಕೈಯಲ್ಲಿ ಮಾಡಿಸಿದ್ದು 2,500ರಿಂದ ಮೇಲಕ್ಕೆ. ಜಾಸ್ತಿ ಕೊಟ್ಟ ದುಡ್ಡು ಕೋವಿಯ ಯಾವ ಭಾಗಕ್ಕೆ ಹೋಗುತ್ತದೆ? ಬರೀ ಹಿತ್ತಾಳೆ ಕೆತ್ತನೆಗೇ ಆದರೆ ನನಗೆ ಬೇಡ.

ಮದ್ದಿನಮನೆ:
ಲಾಕಿಗೆ, ಅಂದರೆ ಕಿಡಿ ಹೊತ್ತಿಸುವ ಯಂತ್ರಕ್ಕೆ ಹೋಗುತ್ತದೆ, ಹೋಗಬೇಕು ಕೂಡ. ಅಗ್ಗದ ಕೋವಿಯಲ್ಲೂ ನಳಿಗೆ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಕಾರ್ಖಾನೆಯವರು ಖರ್ಚು ಉಳಿಸುವುದು ಫ್ರಿಜನ್ನಿನಲ್ಲಿ, ಅಂದರೆ ಕಲ್ಲು ಬಡಿಯುವ ಉಕ್ಕಿನ ತಟ್ಟೆಯಲ್ಲಿ. ಕಿಡಿ ಬರುವುದು ಕಲ್ಲಿನಿಂದಲ್ಲ, ಕಲ್ಲು ಹೆರೆದು ತೆಗೆದ ಉಕ್ಕಿನ ಚೂರಿನಿಂದ. ತಟ್ಟೆ ಮೆತ್ತಗಿದ್ದರೆ ಕಲ್ಲು ಅದನ್ನು ಉಳುತ್ತದೆ, ಕಿಡಿ ಕೆಂಪಗೆ ಹಾರಿ ಗಾಳಿಯಲ್ಲೇ ಆರುತ್ತದೆ. ಮೇಲ್ಪದರ ಮಾತ್ರ ಗಟ್ಟಿ ಮಾಡಿದ್ದರೆ ಮೊದಮೊದಲು ಚೆನ್ನಾಗಿ ಹೊತ್ತಿ, ಪದರ ಸವೆದ ಮೇಲೆ ಕೈಕೊಡುತ್ತದೆ.

ಅಂಗಡಿಯಲ್ಲಿ ಮೊದಲು ಗುಂಡು ತುಂಬುವ ಗಜಕಡ್ಡಿಯನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ತೆಗೆದು ಹೊರಗೆ ನಳಿಗೆಯ ಪಕ್ಕ ಹಿಡಿಯಿರಿ. ತುದಿ ಟಚ್ ಹೋಲಿನ (ಬೆಂಕಿ ನಳಿಗೆಯೊಳಕ್ಕೆ ಹೋಗುವ ತೂತಿನ) ಹತ್ತಿರ ಬರಬೇಕು. ಒಂದೆರಡು ಇಂಚು ಮುಂದೆಯೇ ನಿಂತರೆ ಒಳಗೆ ಯಾರೋ ತುಂಬಿಟ್ಟ ಗುಂಡಿದೆ ಅಂತಲೇ ತಿಳಿಯಿರಿ. ಹಳೇ ಕೋವಿಯಲ್ಲಿ ಇದನ್ನು ಮರೆಯಲೇಬೇಡಿ.

ಆಮೇಲೆ ಕಲ್ಲು ಕಚ್ಚಿರುವ ಕುದುರೆಯನ್ನು ಅರ್ಧ ಎಳೆದು, ಕಲ್ಲಿನ ಅಂಚಿಗೂ ಮುಚ್ಚಿದ ಫ್ರಿಜನ್ನಿಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಇಂಚಿನ ಎಂಟನೇ ಒಂದು ಭಾಗದೊಳಗಿದ್ದರೆ ಸರಿ. ಮಾಲೀಕರು ಒಪ್ಪಿದರೆ ಮಬ್ಬು ಬೆಳಕಿನಲ್ಲಿ ಖಾಲಿ ಕೋವಿಯ ಕುದುರೆ ಬೀಳಿಸಿ. ಬೆಳ್ಳಗಿನ ಕಿಡಿ ಪ್ಯಾನಿನೊಳಗೇ, ಅಂದರೆ ಹೊತ್ತಿಸುವ ಮದ್ದು ಇಡುವ ಪುಟ್ಟ ಬಟ್ಟಲಿನೊಳಗೇ ಬಿದ್ದು ಚುಯ್ ಅನ್ನಬೇಕು. ಫ್ರಿಜನ್ ಮುಖದಲ್ಲಿ ಮೇಲಿಂದ ಕೆಳಗೆ ನವುರಾದ ಗೀರುಗಳಿದ್ದರೆ ಒಳ್ಳೆಯದೇ. ಅಡ್ಡಡ್ಡ ಮೆಟ್ಟಿಲಿನಂತೆ ಕೊರೆದಿದ್ದರೆ ಒಂದೋ ಕಲ್ಲಿನ ಕೋನ ತಪ್ಪಿದೆ, ಇಲ್ಲವೇ ಉಕ್ಕು ಮೆತ್ತಗಿದೆ.

ಸೀಸದಗುಂಡು:
ಮದ್ದಿನಮನೆ ಸರ್ ಹೇಳಿದ್ದು ನಿಜ, ಆದರೆ ಅಗ್ಗದ್ದನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಕಾರ್ಖಾನೆ ಕೋವಿಗಳ ಜೊತೆ ಬರುವುದು ಹೆಚ್ಚಾಗಿ ಗರಗಸದಲ್ಲಿ ಕುಯ್ದ ಅಗೇಟ್ ಕಲ್ಲು. ಅದನ್ನು ತೆಗೆದು ಕೈಯಲ್ಲಿ ಒಡೆದ ಇಂಗ್ಲಿಷ್ ಕರಿ ಚಕಮಕಿ ಕಲ್ಲನ್ನು ತೊಗಲಿನ ಮಡಿಕೆಯಲ್ಲಿ ಬಿಗಿದರೆ ಎಷ್ಟೋ "ಕೆಟ್ಟ" ಲಾಕುಗಳು ಸರಿಹೋಗುತ್ತವೆ. ಖರ್ಚು ಎರಡು ಮೂರು ಡಾಲರ್. ಆಮೇಲೆ ಟಚ್ ಹೋಲ್. ಒಳಗಡೆ ಶಂಕುವಿನಂತೆ ಅಗಲ ಮಾಡಿದ ಲೈನರ್ (ತೂತಿಗೆ ಕೂರಿಸುವ ಪುಟ್ಟ ಕೊಳವೆ) ಹಾಕಿಸಿ, ತೂತು ಇಂಚಿನ ಹದಿನಾರನೇ ಒಂದರಿಂದ .070 ಇಂಚಿನೊಳಗಿರಲಿ. ಒಳಗಿನ ಮದ್ದು ಬೆಂಕಿಗೆ ಅಷ್ಟು ಹತ್ತಿರ ಬರುತ್ತದೆ.

ದುಡ್ಡು ಸುರಿದರೂ ಸರಿಹೋಗದ್ದು ಎರಡು. ತೂತು ಪ್ಯಾನಿನ ಅಂಚಿಗಿಂತ ತೀರಾ ಕೆಳಗೆ ಕೊರೆದಿರುವುದು, ಮತ್ತು ಪ್ಯಾನಿಗೂ ನಳಿಗೆಗೂ ನಡುವೆ ಸಂದು ಬಿಟ್ಟಿರುವುದು. ಆ ಸಂದಿನಲ್ಲಿ ಮದ್ದು ಲಾಕಿನ ಹಿಂದಕ್ಕೆ ಸೋರಿ, ಒಂದು ದಿನ ಅಲ್ಲೇ ಹೊತ್ತುತ್ತದೆ. ಇವೆರಡರಲ್ಲಿ ಒಂದು ಕಂಡರೂ ಕೋವಿಯನ್ನು ವಾಪಸ್ ಇಟ್ಟು ಬನ್ನಿ. ಲಾಕನ್ನೇ ಬದಲಿಸುತ್ತೇನೆ ಅನ್ನುವವರಿಗೂ ಒಂದು ಮಾತು: ಬಿಡಿಯಾಗಿ ಸಿಗುವ ಸೈಲರ್ ಲಾಕ್ ಎಲ್ಲ ಕೋವಿಯ ಮರಕ್ಕೂ ಕೂರುವುದಿಲ್ಲ. ಕೆಲವು ಮಾದರಿಗೆ ಮಾತ್ರ ಎಲ್ ಅಂಡ್ ಆರ್ ಕಂಪನಿಯವರ ಬದಲಿ ಲಾಕ್ ಸಿಗುತ್ತದೆ.

ಮಂಜಿನಕಾಡು:
ಅಗ್ಗದ್ದರಲ್ಲಿ 1:28 ತಿರುವಿನದೊಂದು ಇದೆ, ಅಂದರೆ ನಳಿಗೆಯೊಳಗಿನ ಗೀರು 28 ಇಂಚಿಗೆ ಒಂದು ಸುತ್ತು. ಮದ್ದಿಗೂ ಕರಿಮದ್ದಿನ ಬದಲಿಯಾದ ಪೈರೋಡೆಕ್ಸ್ ಸುಲಭವಾಗಿ ಸಿಗುತ್ತದೆ. ನಡೆಯುತ್ತದೆಯೇ?

ಕಲ್ಲುಕುಟಿಗ:
ಎರಡೂ ಬೇಡ. 1:28 ಉದ್ದನೆಯ ಗುಂಡಿನ ತಿರುವು. ಬಟ್ಟೆ ಸುತ್ತಿದ ದುಂಡನೆಯ ಗುಂಡಿಗೆ 1:48ರಿಂದ 1:66 ಬೇಕು. ತಿರುವು ಬಿಗಿಯಿದ್ದು ಮದ್ದು ಹೆಚ್ಚಾದರೆ ಗುಂಡು ಗೀರಿನ ಹಿಡಿತ ತಪ್ಪಿ ಜಾರುತ್ತದೆ. ಪೈರೋಡೆಕ್ಸಿಗೆ ಹೊತ್ತಲು ಕರಿಮದ್ದಿಗಿಂತ ಬಹಳ ಜಾಸ್ತಿ ಕಾವು ಬೇಕು. ಪ್ಯಾನಿನಲ್ಲಿ ಮದ್ದು ಭಗ್ಗೆಂದರೂ ಒಳಗಿನದು ತಣ್ಣಗೆ ಕೂತಿರುತ್ತದೆ. ಎಫ್ಎಫ್ಎಫ್‌ಜಿ (ಸಣ್ಣ ಕಾಳಿನ) ಕರಿಮದ್ದು 60-70 ಗ್ರೇನ್, .490 ಇಂಚಿನ ಗುಂಡು, .015 ಇಂಚು ದಪ್ಪದ ಬಟ್ಟೆಯಿಂದ ಶುರುಮಾಡಿ. ಒಂದು ಪೌಂಡ್ ಅಂದರೆ 7,000 ಗ್ರೇನ್, 70ರ ಲೆಕ್ಕದಲ್ಲಿ ನೂರು ಹೊಡೆತ. ತರಿಸಿಕೊಂಡರೆ ಹಜ್‌ಮ್ಯಾಟ್ (ಅಪಾಯಕಾರಿ ಸರಕು ಸಾಗಿಸುವ) ಶುಲ್ಕ ಬೇರೆ, ಅದನ್ನೂ ಬಜೆಟ್ಟಿಗೆ ಸೇರಿಸಿ.

ಊರ ಕಡೆಯ ಕೇಪಿನ ಕೋವಿ ಗೊತ್ತಿರುವವರು ಇದರಲ್ಲಿ ಸುಲಭವಾಗಿ ಎಡವುವ ಜಾಗ ಒಂದಿದೆ: ಟಚ್ ಹೋಲಿನ ತುಂಬ ಮದ್ದು ತುರುಕುವುದು. ಆಗ ಅದು ಬತ್ತಿಯಾಗಿ ನಿಧಾನಕ್ಕೆ ಉರಿಯುತ್ತದೆ. ತೂತು ಖಾಲಿ ಇರಬೇಕು, ಪ್ಯಾನಿಗೆ ಮೂರು ಗ್ರೇನ್ ಸಾಕು. ಹೀಗೆ ತಪ್ಪು ಮಾಡಿ ಲಾಕನ್ನು ಬೈಯುವವರೇ ಜಾಸ್ತಿ!

ಕಿಟ್ಟಿನ ವಿಷಯಕ್ಕೆ ಬಂದರೆ, ಕಿಬ್ಲರ್ ಕಂಪನಿಯಂಥವರ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಕೊರೆದ) ಕಿಟ್ಟಿನಲ್ಲಿ ಲಾಕು, ನಳಿಗೆ ಕೂರುವ ಗುಂಡಿಗಳು ಮೊದಲೇ ಅಳತೆಗೆ ಸರಿಯಾಗಿ ಕೊರೆದಿರುತ್ತವೆ. ನಿಮಗೆ ಉಳಿಯುವುದು ಅರ, ಮರಳುಕಾಗದ, ಬಣ್ಣದ ಕೆಲಸ. ಕೈಮಾಡಿದ ಕೋವಿಗೆ ಹತ್ತಿರದ ಲಾಕು ಅರ್ಧ ಬೆಲೆಗೆ ಸಿಕ್ಕಂತೆ. ಹಳೇ ಮಾದರಿಯ ಅರೆಕೆತ್ತಿದ ಕಿಟ್ ಬೇರೆಯೇ ಜಾತಿ. ಉಳಿ ಹಿಡಿದು ರೂಢಿ ಇಲ್ಲದವರು ಲಾಕಿನ ಗುಂಡಿಯನ್ನು ಒಂದು ಎಳೆ ಹೆಚ್ಚು ಕೆತ್ತಿದರೂ ಪ್ಯಾನು ನಳಿಗೆಗೆ ಸರಿಯಾಗಿ ತಾಗಿ ಕೂರುವುದಿಲ್ಲ.

ಮಂಜಿನಕಾಡು:
400 ಡಾಲರಿಗೆ ಹಳೆಯದೊಂದು ಇದೆ. ಕಿಡಿ ಚೆನ್ನಾಗಿದೆ, ತೂತೂ ಸರಿಯಾದ ಜಾಗದಲ್ಲಿದೆ. ಆದರೆ ಕುದುರೆ ಅರ್ಧಕ್ಕೆ ನಿಲ್ಲಿಸಿ ಟ್ರಿಗರ್ ಗಟ್ಟಿಯಾಗಿ ಎಳೆದರೆ ಬೀಳುತ್ತದೆ. ಅರದಲ್ಲಿ ತೀಡಿದರೆ ಸಾಕಾಗುತ್ತದಾ?

ಮದ್ದಿನಮನೆ:
ಅರ ಮುಟ್ಟಿಸಬೇಡಿ. ಕುದುರೆಯನ್ನು ತಡೆದು ಹಿಡಿಯುವ ಸಿಯರ್‌ನ ಮೂತಿಯೋ, ಅದು ಕೂರುವ ಟಂಬ್ಲರಿನ ಕಚ್ಚೋ ಸವೆದಿರಬೇಕು. ತೀಡಿದರೆ ಗಟ್ಟಿ ಪದರ ಇನ್ನೂ ತೆಳುವಾಗುತ್ತದೆ. ಎರಡನ್ನೂ ಹೊಸದು ಹಾಕಿಸಬೇಕು. ಅದಕ್ಕೆ ಬಿಡಿಭಾಗ ಸಿಗುತ್ತದೆಯೇ ಅಂತ ಮೊದಲು ವಿಚಾರಿಸಿ, ಆ ಖರ್ಚನ್ನು 400ರಲ್ಲಿ ಮುರಿಯಲು ಕೇಳಿ. ಒಪ್ಪದಿದ್ದರೆ ಬಿಟ್ಟುಬಿಡಿ. ಮದ್ದು ಹಾಕಿದ ಕೋವಿ ಹೊತ್ತು ಹಿಮದಲ್ಲಿ ನಡೆಯುವಾಗ ನಿಮ್ಮ ಕಾಲಿಗೂ ಗುಂಡಿಗೂ ನಡುವೆ ಇರುವುದು ಆ ಅರ್ಧ ಕಚ್ಚು ಒಂದೇ.